ಇಳಕಲ್ ಸೀರೆ ಸಂಘದ ಟೆಲಿಗ್ರಾಂ ಬಾಟ್: ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಅಭಿವೃದ್ಧಿ ಪರಿಸರ ಸಿದ್ಧಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಇಳಕಲ್ಲಿನಿಂದ)

ಎಲ್ಲರಿಗೂ ಶರಣು. ನಮ್ಮೂರಿನ ಕೈಮಗ್ಗ ನೇಕಾರರ ಸಹಕಾರ ಸಂಘವೊಂದಕ್ಕೆ ಟೆಲಿಗ್ರಾಂ ಚಾಟ್‌ಬಾಟ್ ಬರೆದುಕೊಡುವ ಕೆಲಸವನ್ನು ಕೈಗೆತ್ತಿಕೊಂಡಿದ್ದೇನೆ. ಸೀರೆ ಬೇಕಾದವರು ಬಾಟ್‌ಗೆ ಸಂದೇಶ ಕಳಿಸಿದರೆ ಅದು ಮೊದಲು ದಡಿಯನ್ನು (ಅಂಚಿನ ಬಗೆಯನ್ನು) ಕೇಳುತ್ತದೆ: ಚಿಕ್ಕಿ ಪರಾಸ, ಗೋಮಿ, ಜರಿ ಅಥವಾ ಗಾಡಿ. ಆಮೇಲೆ ಸೆರಗು, ಒಡಲಿನ ಬಣ್ಣ, ಆರು ಗಜವೋ ಎಂಟೋ ಒಂಬತ್ತೋ ಎಂಬುದನ್ನು ಕೇಳಿಕೊಂಡು, ಅಂಥ ಸೀರೆ ದಾಸ್ತಾನಿನಲ್ಲಿ ಇದೆಯೇ, ದರ ಎಷ್ಟು ಎಂಬುದನ್ನು ತಿಳಿಸುತ್ತದೆ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ನೇಯ್ದ ಕೈಮಗ್ಗದ ಸೀರೆಗೂ ಪವರ್‌ಲೂಮಿನ ನಕಲಿಗೂ ವ್ಯತ್ಯಾಸ ತಿಳಿಯದೆ ದೂರದ ಗ್ರಾಹಕರು ಮೋಸ ಹೋಗುವುದನ್ನು ನೋಡಿ ಬೇಸತ್ತ ಸಂಘದ ಹಿರಿಯರೇ ಇದನ್ನು ಬಯಸಿ ಕೇಳಿದ್ದಾರೆ. ಆದ್ದರಿಂದ ಅಚ್ಚುಕಟ್ಟಾಗಿಯೇ ಮಾಡಿಕೊಡಬೇಕೆಂಬ ಆಸೆ ನನ್ನದು.

ಬಾಟ್ ಸದ್ಯ ಸಂಘದ ಕಚೇರಿಯ ವಿಂಡೋಸ್ 10 ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ. ಎರಡೂ ಕಡೆ ಪೈಥಾನ್ ಹಾಗೂ ಪೈಥಾನ್-ಟೆಲಿಗ್ರಾಂ-ಬಾಟ್ ಲೈಬ್ರರಿ ಹಾಕಿದ್ದೇನೆ. ಮನೆಯಲ್ಲಿ ಹೊಸದೇನನ್ನಾದರೂ ಬರೆದು ಪರೀಕ್ಷಿಸಲು ಬಾಟ್ ಚಾಲೂ ಮಾಡಿದ ಕೂಡಲೇ 409 ಕಾನ್‌ಫ್ಲಿಕ್ಟ್ ಎಂಬ ದೋಷ ಬರುತ್ತದೆ. ಅದೇ ಹೊತ್ತಿಗೆ ಕಚೇರಿಯ ಬಾಟ್ ಕೂಡ ಗ್ರಾಹಕರಿಗೆ ತಡೆತಡೆದು ಉತ್ತರಿಸತೊಡಗುತ್ತದೆ. ಎರಡನೆಯದಾಗಿ, ದಾಸ್ತಾನಿನ ಸಿಎಸ್‌ವಿ ಕಡತ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಉಬುಂಟುವಿನಲ್ಲಿ ಸರಾಗವಾಗಿ ತೆರೆದುಕೊಳ್ಳುತ್ತದೆ, ವಿಂಡೋಸ್‌ನಲ್ಲಿ ಮಾತ್ರ ಚಾರ್‌ಮ್ಯಾಪ್ ಕೋಡೆಕ್ ಎಂದೇನೋ ಹೇಳಿ ನಿಂತುಬಿಡುತ್ತದೆ. ಮೂರನೆಯದು ನನಗೆ ತೀರ ಒಗಟಾಗಿದೆ. ಗ್ರಾಹಕರು ಜರಿ ದಡಿ ಹಾಗೂ ತೋಪ್ ತೆನಿ ಸೆರಗನ್ನು ಆರಿಸಿದರೆ ಖಚಿತಪಡಿಸುವ ಬಟನ್ ಬರುತ್ತದೆ. ಅದೇ ಸೆರಗಿಗೆ ಗೋಮಿ ದಡಿ ಆರಿಸಿದರೆ ಬಟನ್ ಮಾತ್ರವಲ್ಲ, ಸಂದೇಶವೇ ಬರುವುದಿಲ್ಲ. ಕೋಡ್ ಎರಡಕ್ಕೂ ಒಂದೇ.

ಈ ಕೆಲಸಕ್ಕೆ ಅಭಿವೃದ್ಧಿ ಪರಿಸರವನ್ನು ಕ್ರಮವಾಗಿ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ವಿನಂತಿ.

ಉತ್ತರ 1 (ಬೆಳಗಾವಿಯಿಂದ, ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ)

ನಮಸ್ಕಾರ ಸರ್. ಮೊದಲು 409ರ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳೋಣ, ಏಕೆಂದರೆ ಅದು ನಿಮ್ಮ ಗ್ರಾಹಕರಿಗೇ ನೇರವಾಗಿ ತಟ್ಟುತ್ತಿದೆ.

ಟೆಲಿಗ್ರಾಂ ಬಾಟ್ ಸಂದೇಶಗಳನ್ನು ಪಡೆಯುವುದು ಎರಡು ಬಗೆಯಲ್ಲಿ. ಬಾಟ್ ತಾನಾಗಿಯೇ ಟೆಲಿಗ್ರಾಂ ಸರ್ವರ್ ಅನ್ನು ಮತ್ತೆ ಮತ್ತೆ ಕೇಳುತ್ತಿರುವುದು ಪೋಲಿಂಗ್. ಸಂದೇಶ ಬಂದಾಗ ಸರ್ವರೇ ನಮ್ಮ ವಿಳಾಸಕ್ಕೆ ತಲುಪಿಸುವುದು ವೆಬ್‌ಹುಕ್. ಒಂದು ಟೋಕನ್ನಿಗೆ (ಟೆಲಿಗ್ರಾಂ ಪ್ರತಿ ಬಾಟ್‌ಗೆ ಕೊಡುವ ಗುಪ್ತ ಕೀಲಿಗೆ) ಒಂದು ಹೊತ್ತಿನಲ್ಲಿ ಇವುಗಳಲ್ಲಿ ಒಂದೇ ನಡೆಯುತ್ತದೆ, ಅದೂ ಒಂದೇ ಕಡೆಯಿಂದ. ಕಚೇರಿಯ ಕಂಪ್ಯೂಟರೂ ನಿಮ್ಮ ಲ್ಯಾಪ್‌ಟಾಪೂ ಒಂದೇ ಟೋಕನ್ ಹಿಡಿದು ಕೇಳಿದಾಗ ಸರ್ವರ್ ಒಬ್ಬರನ್ನು ಹೊರಗೆ ಹಾಕುತ್ತದೆ. ಹೊರಬಿದ್ದವರು ಮತ್ತೆ ಪ್ರಯತ್ನಿಸುತ್ತಾರೆ, ಆಗ ಇನ್ನೊಬ್ಬರು ಹೊರಬೀಳುತ್ತಾರೆ. ಕಚೇರಿಯ ಬಾಟ್ ತಡೆಯುತ್ತಿರುವುದು ಈ ಎಳೆದಾಟದಿಂದ. ಇನ್ನೂ ಕಳವಳದ ಸಂಗತಿಯೆಂದರೆ, ನಡುವೆ ಬಂದ ಕೆಲವು ನಿಜವಾದ ಬೇಡಿಕೆಗಳು ನಿಮ್ಮ ಪರೀಕ್ಷೆಯ ಪ್ರತಿಗೆ ಹೋಗಿ ಅಲ್ಲೇ ಉಳಿದಿರಬಹುದು. ಒಮ್ಮೆ ನಿಮ್ಮ ಲ್ಯಾಪ್‌ಟಾಪಿನ ಲಾಗ್ ತೆರೆದು ನೋಡಿ, ಅಂಥವರಿದ್ದರೆ ಸಂಘದ ಗುಮಾಸ್ತರ ಗಮನಕ್ಕೆ ತನ್ನಿ.

ಪರಿಹಾರವೆಂದರೆ ಎರಡು ಪ್ರತ್ಯೇಕ ಬಾಟ್‌ಗಳು. ಹೊಸ ಬಾಟ್‌ಗಳನ್ನು ಮಾಡಿಕೊಡುವ, ಟೆಲಿಗ್ರಾಂನದೇ ಬಾಟ್ ಆದ ಬಾಟ್‌ಫಾದರ್ ಬಳಿ ಹೋಗಿ ನ್ಯೂಬಾಟ್ ಆದೇಶ ಕೊಟ್ಟು, ಪರೀಕ್ಷೆಗೆಂದೇ ಇನ್ನೊಂದು ಬಾಟ್ ಮಾಡಿಕೊಳ್ಳಿ. ಅದರ ಹೆಸರಿನಲ್ಲಿಯೇ ‘ಪರೀಕ್ಷೆ’ ಎಂದಿರಲಿ, ಚಿತ್ರವೂ ಬೇರೆ ಬಣ್ಣದ್ದಿರಲಿ. ರಾತ್ರಿ ದಣಿದು ಕೂತಾಗ ಯಾವ ಬಾಟ್‌ಗೆ ಸಂದೇಶ ಕಳಿಸುತ್ತಿದ್ದೇವೆಂಬುದು ಕಣ್ಣಿಗೆ ರಾಚುವಂತಿರಬೇಕು. ಟೋಕನ್ ಅನ್ನು ಕೋಡಿನೊಳಗೆ ಬರೆಯಬೇಡಿ. ಡಾಟ್ ಎನ್ವ್ ಎಂಬ ಕಡತದಲ್ಲಿಟ್ಟು, ಪೈಥಾನ್-ಡಾಟ್‌ಎನ್ವ್ ಮೂಲಕ ಓದಿಸಿ, ಆ ಕಡತವನ್ನು ಗಿಟ್ (ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಸಾಧನ) ಕೈಬಿಡಬೇಕಾದ ಇಗ್ನೋರ್ ಪಟ್ಟಿಗೆ ಸೇರಿಸಿ. ಹೀಗಾದರೆ ಕೋಡ್ ಎರಡೂ ಕಡೆ ಒಂದೇ, ಟೋಕನ್ ಮಾತ್ರ ಆಯಾ ಯಂತ್ರದ್ದು. ಟೋಕನ್ ಈಗಾಗಲೇ ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿ ಸೇರಿದ್ದರೆ ಅಳಿಸಿ ಪ್ರಯೋಜನವಿಲ್ಲ, ಹಳೆಯ ಕಮಿಟ್‌ಗಳಲ್ಲಿ (ಉಳಿಸಿದ ಹಿಂದಿನ ಆವೃತ್ತಿಗಳಲ್ಲಿ) ಉಳಿದೇ ಇರುತ್ತದೆ; ಬಾಟ್‌ಫಾದರ್ ಬಳಿಯೇ ರಿವೋಕ್ (ರದ್ದು) ಮಾಡಿ ಹೊಸದನ್ನು ಪಡೆಯಬೇಕು.

ಲೈಬ್ರರಿಗಳನ್ನು ಇಡೀ ಯಂತ್ರಕ್ಕೆ ಹಾಕುವ ಬದಲು ಪ್ರತಿ ಯೋಜನೆಗೂ ಒಂದು ವೆನ್ವ್ (ಪ್ರತ್ಯೇಕ ಪೈಥಾನ್ ಪರಿಸರ) ಮಾಡಿಕೊಳ್ಳಿ, ಅದರಲ್ಲಿರುವ ಆವೃತ್ತಿಗಳನ್ನು ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಸಂಖ್ಯೆಸಹಿತ ಬರೆದಿಡಿ. ಈ ಲೈಬ್ರರಿಯ ವಿಷಯದಲ್ಲಿ ಇದು ಬಹಳ ಮುಖ್ಯ. 20ನೆಯ ಆವೃತ್ತಿಯಿಂದ ಅದು ಪೂರ್ತಿ ಅಸಿಂಕ್ ಪದ್ಧತಿಗೆ (ಒಂದು ಕೆಲಸಕ್ಕೆ ಕಾಯುತ್ತಲೇ ಇನ್ನೊಂದನ್ನು ಮಾಡುವ ರೀತಿಗೆ) ಬದಲಾಯಿತು. ಅದಕ್ಕೂ ಹಿಂದಿನ ವಿಡಿಯೊ ಪಾಠಗಳ ಕೋಡ್ ಈಗ ನಡೆಯುವುದಿಲ್ಲ. ವಿಂಡೋಸ್‌ನಲ್ಲಿ ವೆನ್ವ್ ಚಾಲೂ ಮಾಡುವಾಗ ಪವರ್‌ಶೆಲ್ ಸ್ಕ್ರಿಪ್ಟಿಗೆ ಅನುಮತಿಯಿಲ್ಲ ಎಂದರೆ, ನಿಮ್ಮ ಬಳಕೆದಾರ ಖಾತೆಯ ಮಟ್ಟಿಗೆ ಎಕ್ಸಿಕ್ಯೂಷನ್ ಪಾಲಿಸಿಯನ್ನು ರಿಮೋಟ್‌ಸೈನ್ಡ್ ಎಂದು ಬದಲಿಸಿದರೆ ಸಾಕು.

ಇನ್ನು ನಿಮ್ಮ ಮೂರನೆಯ ಒಗಟು. ಇದನ್ನು ಕಾಗದದ ಮೇಲೆ ಎಣಿಸಿ ನೋಡಿದೆ, ಉತ್ತರ ಸಿಕ್ಕಿತು. ಬಟನ್ ಒತ್ತಿದಾಗ ಬಾಟ್‌ಗೆ ಮರಳಿ ಬರುವ ಕಾಲ್‌ಬ್ಯಾಕ್ ಡೇಟಾಕ್ಕೆ ಟೆಲಿಗ್ರಾಂ 64 ಬೈಟ್‌ಗಳ ಮಿತಿ ಹಾಕಿದೆ. ಮಿತಿ ಇರುವುದು ಬೈಟ್‌ಗಳಿಗೆ, ಅಕ್ಷರಗಳಿಗಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ವ್ಯಂಜನ, ಪ್ರತಿ ಕಾಗುಣಿತ ಚಿಹ್ನೆ, ಪ್ರತಿ ಹಲಂತಕ್ಕೂ ಮೂರು ಮೂರು ಬೈಟ್ ಬೇಕು. ನೀವು ಬಹುಶಃ ‘ಜರಿ ದಡಿ, ತೋಪ್ ತೆನಿ ಸೆರಗು’ ಎಂಬ ಪೂರ್ತಿ ಸಾಲನ್ನೇ ಡೇಟಾ ಆಗಿ ಕಳಿಸುತ್ತಿದ್ದೀರಿ. ಅದನ್ನು ಕೂಡಿಸಿದರೆ, ಅಲ್ಪವಿರಾಮ ಮತ್ತು ನಡುವಿನ ಜಾಗಗಳೂ ಸೇರಿ, 62 ಬೈಟ್. ‘ಗೋಮಿ ದಡಿ, ತೋಪ್ ತೆನಿ ಸೆರಗು’ ಎಂಬುದು 65. ‘ಗೋಮಿ’ಯಲ್ಲಿ ‘ಜರಿ’ಗಿಂತ ಒಂದೇ ಒಂದು ಚಿಹ್ನೆ ಹೆಚ್ಚು, ಆದರೆ ಆ ಮೂರು ಬೈಟ್ ಸಾಲನ್ನು ಮಿತಿಯ ಆಚೆ ದಾಟಿಸಿಬಿಡುತ್ತದೆ. ಗಾಡಿ ದಡಿಗೂ 65 ಆಗುತ್ತದೆ, ಚಿಕ್ಕಿ ಪರಾಸವಂತೂ 84. ಒಂದು ಬಟನ್ ತಪ್ಪಾದರೂ ಟೆಲಿಗ್ರಾಂ ಇಡೀ ಸಂದೇಶವನ್ನೇ ನಿರಾಕರಿಸುವುದರಿಂದ ಗ್ರಾಹಕರಿಗೆ ಏನೂ ಕಾಣುವುದಿಲ್ಲ. ಲಾಗ್‌ನಲ್ಲಿ ಬಟನ್ ಡೇಟಾ ಇನ್‌ವ್ಯಾಲಿಡ್ ಎಂಬ ಸಾಲು ಸಿಗುತ್ತದೆ, ಹುಡುಕಿ ನೋಡಿ.

ಹೀಗೆ ಮಾಡಿ: ದಡಿ, ಸೆರಗು, ಬಣ್ಣ ಎಲ್ಲಕ್ಕೂ ಚಿಕ್ಕ ಸಂಕೇತಗಳನ್ನು ಕೊಡಿ, ಅಂಕಿಗಳಾದರೂ ಸರಿ. ಡೇಟಾದಲ್ಲಿ ಸಂಕೇತ ಮಾತ್ರ ಹೋಗಲಿ, ಬಟನ್ನಿನ ಮೇಲೆ ಕಾಣುವ ಹೆಸರು ಶುದ್ಧ ಕನ್ನಡದಲ್ಲಿ ಇರಲಿ. ಹಾಗೆಯೇ ಬಾಟ್‌ನ ಆದೇಶಗಳ ಹೆಸರುಗಳಿಗೆ ಟೆಲಿಗ್ರಾಂ ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಆದರೆ ಆದೇಶದ ಪಕ್ಕದ ವಿವರಣೆ ಕನ್ನಡದಲ್ಲಿರಬಹುದು, ಅದನ್ನು ಬಿಡಬೇಡಿ.

ಉತ್ತರ 2 (ವಿಜಯಪುರದಿಂದ; ದ್ರಾಕ್ಷಿ ಬೆಳೆಗಾರರಿಗಾಗಿ ಇಂಥದ್ದೇ ಬಾಟ್ ನಡೆಸುವವರು)

ಮೇಡಂ ಅವರ ವಿವರಣೆ ಸಂಪೂರ್ಣವಾಗಿದೆ. ಸಿಎಸ್‌ವಿ ಕಡತದ ವಿಷಯವನ್ನು ನಾನು ಹೇಳುತ್ತೇನೆ. ಒಣದ್ರಾಕ್ಷಿಯ ದರಪಟ್ಟಿ ಓದಿಸುವಾಗ ನಮಗೂ ಇದೇ ತೊಡಕು ಎದುರಾಗಿತ್ತು.

ಪೈಥಾನ್‌ನಲ್ಲಿ ಕಡತ ತೆರೆಯುವಾಗ ಎನ್‌ಕೋಡಿಂಗ್ ಯಾವುದೆಂದು ಹೇಳದಿದ್ದರೆ, ಉಬುಂಟು ಯುಟಿಎಫ್-8 ಎಂದು ಹಿಡಿಯುತ್ತದೆ; ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಇಂಗ್ಲಿಷ್ ವಿಂಡೋಸ್ 1252 ಎಂಬ ಹಳೆಯ ಪಶ್ಚಿಮ ಯುರೋಪಿನ ಕೋಡ್ ಪುಟವನ್ನು ಹಿಡಿಯುತ್ತದೆ. ಆ ಪುಟದಲ್ಲಿ ಐದು ಸ್ಥಾನಗಳು ಖಾಲಿ ಇವೆ. ಕೊಂಬಿನ ಚಿಹ್ನೆಯ, ಅಂದರೆ ‘ಗು’ ಅಕ್ಷರದಲ್ಲಿರುವ ಉಕಾರದ, ಕೊನೆಯ ಬೈಟ್ ಅಂಥದೊಂದು ಖಾಲಿ ಸ್ಥಾನಕ್ಕೆ ಬೀಳುತ್ತದೆ. ಒತ್ತಕ್ಷರ ಕೂಡಿಸುವ ಹಲಂತದ ಬೈಟ್ ಇನ್ನೊಂದಕ್ಕೆ ಬೀಳುತ್ತದೆ. ಆದ್ದರಿಂದ ‘ಸೆರಗು’ ಎಂಬ ಪದ ಬಂದಾಗ ಪ್ರೋಗ್ರಾಂ ನಿಲ್ಲುತ್ತದೆ, ‘ದಡಿ’ ಎಂಬ ಪದ ಬಂದಾಗ ನಿಲ್ಲದೆ ಕಸವನ್ನು ಓದಿಕೊಂಡು ಮುಂದೆ ಹೋಗುತ್ತದೆ. ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುವುದು ಈ ಎರಡನೆಯದೇ, ಏಕೆಂದರೆ ಅದು ಯಾವ ದೋಷವನ್ನೂ ಹೇಳುವುದಿಲ್ಲ. ಕಡತ ತೆರೆಯುವ ಪ್ರತಿ ಸಾಲಿನಲ್ಲೂ ಎನ್‌ಕೋಡಿಂಗ್ ಅನ್ನು ಸ್ಪಷ್ಟವಾಗಿ ಬರೆಯಿರಿ. ಅದರ ಜೊತೆಗೆ ವಿಂಡೋಸ್‌ನಲ್ಲಿ ಪೈಥಾನ್‌ನ ಯುಟಿಎಫ್-8 ಮೋಡ್ ಚಾಲೂ ಮಾಡುವ ಪರಿಸರ ಚರಾಂಶವನ್ನೂ ಇಟ್ಟುಕೊಳ್ಳಿ, 3.7ರಿಂದ ಈಚಿನ ಎಲ್ಲ ಆವೃತ್ತಿಗಳಲ್ಲೂ ಅದು ಇದೆ.

ಗುಮಾಸ್ತರು ಎಕ್ಸೆಲ್‌ನಿಂದ ಕಡತ ಉಳಿಸುವಾಗ ಬರಿಯ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಆಮೇಲೆ ಆ ಕಡತದಿಂದ ಮರಳಿ ಪಡೆಯಲು ಬರುವುದಿಲ್ಲ. ಸಿಎಸ್‌ವಿ ಯುಟಿಎಫ್-8 ಎಂಬುದನ್ನೇ ಆರಿಸಬೇಕು. ಹಾಗೆ ಉಳಿಸಿದಾಗ ಎಕ್ಸೆಲ್ ಕಡತದ ತಲೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುತ್ತದೆ. ಅದು ಮೊದಲ ಕಾಲಮ್ಮಿನ ಹೆಸರಿಗೆ ಅಂಟಿಕೊಂಡು, ಕಾಲಮ್ ಕಣ್ಣೆದುರಿಗೇ ಇದ್ದರೂ ಸಿಗಲಿಲ್ಲ ಎನ್ನುವ ದೋಷ ಬರುತ್ತದೆ. ಓದುವಾಗ ಯುಟಿಎಫ್-8-ಸಿಗ್ ಎಂಬ ಎನ್‌ಕೋಡಿಂಗ್ ಕೊಟ್ಟರೆ ಪೈಥಾನ್ ಅದನ್ನು ತಾನೇ ತೆಗೆದುಹಾಕುತ್ತದೆ.

ಸಂಘದ ಹಳೆಯ ದಾಸ್ತಾನು ಪಟ್ಟಿಗಳು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರುವ ಸಾಧ್ಯತೆ ಹೆಚ್ಚು. ನಮ್ಮ ಕಡೆಯ ಸಂಘಗಳಲ್ಲಿ ಹೀಗೇ ಇರುತ್ತದೆ. ಫಾಂಟ್ ಇದ್ದಾಗ ಅದು ಕನ್ನಡವಾಗಿ ಕಾಣುತ್ತದೆ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರಗಳ ಸಂಕೇತ. ಬಾಟ್‌ಗೆ ಕೊಡುವ ಮೊದಲು ಅದನ್ನು ಯುನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಾಡಿಸಿ, ದರದ ಅಂಕಿಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿ. ದರ ತಪ್ಪಿದರೆ ನೇಕಾರರ ಹೊಟ್ಟೆಯ ಮೇಲೆ ಹೊಡೆದಂತೆ, ಅಲ್ಲಿ ಅವಸರ ಬೇಡ.

ಇನ್ನೊಂದು ಮಾತು. ಗ್ರಾಹಕರು ಬಟನ್ ಒತ್ತದೆ ತಾವೇ ಟೈಪ್ ಮಾಡಿದ ಪದವನ್ನು ನೀವು ಪಟ್ಟಿಯೊಂದಿಗೆ ಹೋಲಿಸುವುದಾದರೆ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಒಳಗೆ ಬೇರೆಯಾಗಿರಬಹುದು. ‘ಗೋ’ ಅಕ್ಷರದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ತುಣುಕುಗಳಾಗಿಯೂ ಬರೆಯಬಹುದು. ಕೆಲವು ಕೀಲಿಮಣೆಗಳು ಅರ್ಧಾಕ್ಷರದ ಪಕ್ಕದಲ್ಲಿ ಅಗೋಚರ ಚಿಹ್ನೆಯನ್ನೂ ಸೇರಿಸುತ್ತವೆ. ಹೋಲಿಸುವ ಮುನ್ನ ಎರಡೂ ಬದಿಯನ್ನು ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತಂದು, ಅಗೋಚರ ಚಿಹ್ನೆಗಳನ್ನು ತೆಗೆಯಿರಿ. ಕನ್ನಡ ಅಂಕಿಗಳ ಬಗ್ಗೆ ಚಿಂತೆ ಬೇಡ, ‘೬’ ಎಂದು ಬರೆದರೂ ಪೈಥಾನ್ ಅದನ್ನು ಆರು ಎಂದೇ ಓದಿಕೊಳ್ಳುತ್ತದೆ. ಸೊನ್ನೆಯ ಬದಲು ಅನುಸ್ವಾರ ಒತ್ತಿದವರಿಗೆ ಮಾತ್ರ ಮತ್ತೊಮ್ಮೆ ಕೇಳಬೇಕಾಗುತ್ತದೆ.

ವಿಂಡೋಸ್‌ನ ಕಪ್ಪು ಟರ್ಮಿನಲ್‌ನಲ್ಲಿ ಕನ್ನಡ ಚದುರಿ ಕಂಡರೆ ಅದನ್ನೇ ದೋಷವೆಂದು ತಿಳಿಯಬೇಡಿ. ಲಾಗ್ ಅನ್ನು ಕಡತಕ್ಕೆ ಬರೆಸಿ ವಿಎಸ್ ಕೋಡ್‌ನಲ್ಲಿ ತೆರೆದು ಓದಿ, ಅಲ್ಲಿ ಸರಿಯಾಗಿದ್ದರೆ ಎಲ್ಲವೂ ಸರಿಯೇ.

ಪ್ರಶ್ನೆ ಕೇಳಿದವರು

ಮೇಡಂ, ಸರ್, ಇಬ್ಬರಿಗೂ ಅನಂತ ಶರಣು. ಸಂಕೇತಗಳನ್ನು ಅಂಕಿಗೆ ಬದಲಿಸಿದ ಕೂಡಲೇ ಗೋಮಿ, ಗಾಡಿ, ಚಿಕ್ಕಿ ಪರಾಸ ಮೂರೂ ಬರತೊಡಗಿದವು. ಪರೀಕ್ಷೆಯ ಬಾಟ್ ಬೇರೆ ಮಾಡಿದ್ದೇನೆ, 409 ಮತ್ತೆ ಕಾಣಿಸಿಲ್ಲ. ಹಳೆಯ ದಾಸ್ತಾನು ಪಟ್ಟಿಗಳು ವಿಜಯಪುರದವರು ಹೇಳಿದಂತೆ ನುಡಿಯಲ್ಲೇ ಇವೆ. ಪರಿವರ್ತನೆಯನ್ನು ಗುಮಾಸ್ತರ ಜೊತೆ ಕೂತು ಮಾಡಬೇಕು.

ಇನ್ನೂ ಮೂರು ಸಂದೇಹಗಳಿವೆ. ಎರಡೂ ಯಂತ್ರಗಳನ್ನು ಒಂದೇ ತರಹ ಇಡಲು ಡಾಕರ್ (ಪ್ರೋಗ್ರಾಂ ಅನ್ನು ಅದರ ಪರಿಸರದ ಸಮೇತ ಕಟ್ಟಿಕೊಡುವ ಸಾಧನ) ಬಳಸಬೇಕೆಂದು ಗೆಳೆಯರೊಬ್ಬರು ಹೇಳುತ್ತಾರೆ; ಕಚೇರಿಯ ಕಂಪ್ಯೂಟರಿನಲ್ಲಿ ಇರುವುದು 4 ಜಿಬಿ ಮೆಮೊರಿ. ಕರೆಂಟು ಹೋಗಿ ಬಂದಾಗ ನಡುವಿನ ಸಂದೇಶಗಳ ಗತಿಯೇನು? ಮತ್ತು ಸಂಘದವರು ಮುಂದೆ ವಾಟ್ಸ್‌ಆ್ಯಪ್‌ನಲ್ಲಿಯೂ ಬೇಕು ಎನ್ನುತ್ತಿದ್ದಾರೆ.

ಉತ್ತರ 3 (ಬಾಗಲಕೋಟೆಯಿಂದ, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವರು)

ಡಾಕರ್ ಈಗ ಬೇಡ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಡಬ್ಲ್ಯೂಎಸ್‌ಎಲ್ 2ರ (ವಿಂಡೋಸ್ ಒಳಗೇ ನಡೆಯುವ ಲಿನಕ್ಸ್‌ನ) ಮೇಲೆ ನಡೆಯುತ್ತದೆ, 4 ಜಿಬಿ ಯಂತ್ರದಲ್ಲಿ ಗುಮಾಸ್ತರ ಎಕ್ಸೆಲ್ ಕೂಡ ತೆವಳುವಂತಾಗುತ್ತದೆ. ಒಂದೇ ಪೈಥಾನ್ ಆವೃತ್ತಿ, ವೆನ್ವ್, ಸಂಖ್ಯೆಸಹಿತ ರಿಕ್ವೈರ್‌ಮೆಂಟ್ಸ್, ಇಷ್ಟರಲ್ಲಿ ನಿಮ್ಮ ಕೆಲಸ ಮುಗಿಯುತ್ತದೆ. ಎರಡು ಯಂತ್ರಗಳ ನಡುವೆ ಇನ್ನೂ ಉಳಿಯುವ ವ್ಯತ್ಯಾಸವೊಂದಿದೆ. ಟೆಲಿಗ್ರಾಂ ಸಂದೇಶದ ಸಮಯ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ) ಬರುತ್ತದೆ, ಬೆಳಿಗ್ಗೆ 10ಕ್ಕೆ ಬಂದ ಬೇಡಿಕೆ 4.30 ಎಂದು ದಾಖಲಾಗುತ್ತದೆ. ಅದನ್ನು ಏಷ್ಯಾ/ಕೋಲ್ಕತಾ ವಲಯಕ್ಕೆ ಬದಲಿಸುವ ಕೋಡ್ ಉಬುಂಟುವಿನಲ್ಲಿ ನಡೆದು ವಿಂಡೋಸ್‌ನಲ್ಲಿ ವಲಯವೇ ಸಿಗಲಿಲ್ಲ ಎನ್ನಬಹುದು, ಏಕೆಂದರೆ ವಿಂಡೋಸ್‌ನಲ್ಲಿ ಪೈಥಾನ್‌ಗೆ ಬೇಕಾದ ವಲಯಗಳ ಪಟ್ಟಿ ಇರುವುದಿಲ್ಲ. ಟಿಝಡ್‌ಡೇಟಾ ಎಂಬ ಪ್ಯಾಕೇಜನ್ನು ರಿಕ್ವೈರ್‌ಮೆಂಟ್ಸ್‌ಗೆ ಸೇರಿಸಿಬಿಡಿ.

ಕರೆಂಟಿನ ವಿಷಯದಲ್ಲಿ ಪೋಲಿಂಗ್ ನಿಮ್ಮ ಪರವಾಗಿಯೇ ಇದೆ. ಬಾಟ್ ನಿಂತಿದ್ದಾಗ ಬಂದ ಸಂದೇಶಗಳನ್ನು ಟೆಲಿಗ್ರಾಂ ತನ್ನಲ್ಲಿ ಇಟ್ಟುಕೊಂಡು, ಬಾಟ್ ಎದ್ದ ಮೇಲೆ ಒಟ್ಟಿಗೆ ಕೊಡುತ್ತದೆ. ಆದರೆ 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಸಂಘಕ್ಕೆ ಎರಡು ದಿನ ಸಾಲಾಗಿ ರಜೆ ಬಂದು ಕಂಪ್ಯೂಟರ್ ಆರಿಸಿದರೆ ಮೊದಲ ದಿನದ ಬೇಡಿಕೆಗಳು ಹೋದಂತೆಯೇ. ಲೈಬ್ರರಿಯಲ್ಲಿ ಬಾಕಿ ಸಂದೇಶಗಳನ್ನು ಕೈಬಿಡುವ ಆಯ್ಕೆಯೊಂದಿದೆ; ಪರೀಕ್ಷೆಯ ಬಾಟ್‌ನಲ್ಲಿ ಅದು ಬಹಳ ಅನುಕೂಲ, ಕಚೇರಿಯ ಬಾಟ್‌ನಲ್ಲಿ ಅದನ್ನು ಎಂದಿಗೂ ಹಾಕಬೇಡಿ. ಗ್ರಾಹಕರು ದಡಿ ಆರಿಸಿ ಸೆರಗಿನ ಹಂತದಲ್ಲಿದ್ದಾಗ ಬಾಟ್ ನಿಂತರೆ ಆ ಮಾತುಕತೆಯ ಸ್ಥಿತಿ ಮೆಮೊರಿಯಲ್ಲಷ್ಟೇ ಇದ್ದು ಅಳಿಸಿಹೋಗುತ್ತದೆ, ಅದನ್ನು ಕಡತದಲ್ಲಿ ಉಳಿಸಿಡುವ, ಲೈಬ್ರರಿಯ ಪರ್ಸಿಸ್ಟೆನ್ಸ್ ಸೌಲಭ್ಯವನ್ನು ಹಾಕಿಕೊಳ್ಳಿ. ಬೇಡಿಕೆಗಳನ್ನು ಜೇಸನ್ ಕಡತಕ್ಕೆ ಬರೆಯುತ್ತಿದ್ದರೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ಗೆ ಬದಲಾಯಿಸಿ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಜೇಸನ್ ಕಡತ ಅರ್ಧಕ್ಕೆ ತುಂಡಾಗಿ ಪೂರ್ತಿ ಓದಲಾರದಂತಾಗಬಹುದು; ಎಸ್‌ಕ್ಯೂಲೈಟ್ ಆ ಒಂದು ಅಪೂರ್ಣ ದಾಖಲೆಯನ್ನು ಹಿಂದೆಗೆದುಕೊಂಡು ಉಳಿದುದನ್ನು ಕಾಪಾಡುತ್ತದೆ.

ಕಚೇರಿಯ ಡೇಟಾಬೇಸನ್ನು ಹಾಗೆಯೇ ನಕಲು ಮಾಡಿಕೊಂಡು ಮನೆಗೆ ಒಯ್ಯಬೇಡಿ. ಅದರಲ್ಲಿ ಗ್ರಾಹಕರ ಹೆಸರು, ಫೋನ್ ಸಂಖ್ಯೆ, ವಿಳಾಸ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದು ಇಂಥ ಮಾಹಿತಿಗಾಗಿಯೇ. ಕಾಯ್ದೆಯ ಮಾತು ಹಾಗಿರಲಿ, ಸಂಘವನ್ನು ನಂಬಿ ಕೊಟ್ಟ ಫೋನ್ ಸಂಖ್ಯೆ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಬಿದ್ದಿರುವುದು ಸರಿಯಲ್ಲ. ಪರೀಕ್ಷೆಗೆ ಕಲ್ಪಿತ ಗ್ರಾಹಕರ ಒಂದು ಸಣ್ಣ ಪಟ್ಟಿ ಮಾಡಿಕೊಳ್ಳಿ, ದಾಸ್ತಾನಿನ ಪಟ್ಟಿಯನ್ನು ಮಾತ್ರ ನಿಜವಾದದ್ದೇ ಬಳಸಿ.

ವಾಟ್ಸ್‌ಆ್ಯಪ್‌ನ ಒಡೆತನದ ಮೆಟಾ ಕಂಪನಿ ಪ್ರೋಗ್ರಾಂಗಳಿಗೆಂದು ಕೊಡುವ ವಾಟ್ಸ್‌ಆ್ಯಪ್ ಕ್ಲೌಡ್ ಎಪಿಐಯಲ್ಲಿ ಪೋಲಿಂಗ್ ಇಲ್ಲ, ವೆಬ್‌ಹುಕ್ ಒಂದೇ ದಾರಿ. ಮನೆಯ ರೌಟರಿನ ಹಿಂದಿರುವ ಲ್ಯಾಪ್‌ಟಾಪ್‌ಗೆ ಹೊರಗಿನಿಂದ ತಲುಪುವ ವಿಳಾಸ ಇರುವುದಿಲ್ಲವಾದ್ದರಿಂದ, ಅಭಿವೃದ್ಧಿಯ ಹಂತದಲ್ಲಿ ಎನ್‌ಗ್ರಾಕ್ ಅಥವಾ ಕ್ಲೌಡ್‌ಫ್ಲೇರ್ ಟನಲ್ ಮೂಲಕ ತಾತ್ಕಾಲಿಕ ಎಚ್‌ಟಿಟಿಪಿಎಸ್ ವಿಳಾಸವನ್ನು ಪಡೆಯಬೇಕು. ಖಾತೆಯಿಲ್ಲದೆ ಬಳಸುವ ಕ್ಲೌಡ್‌ಫ್ಲೇರ್ ಟನಲ್‌ನ ವಿಳಾಸ ಪ್ರತಿ ಬಾರಿಯೂ ಬದಲಾಗುತ್ತದೆ, ಆಗೆಲ್ಲ ಮೆಟಾದ ಡೆವಲಪರ್ ಪುಟದಲ್ಲಿ ಹೊಸ ವಿಳಾಸ ಕೊಟ್ಟು ದೃಢೀಕರಣ ಮಾಡಿಸಬೇಕು. ಅಲ್ಲಿ ಸಿಗುವ ಪರೀಕ್ಷಾ ಸಂಖ್ಯೆಯಿಂದ ಮೊದಲೇ ನೋಂದಾಯಿಸಿದ ಐದು ಫೋನ್‌ಗಳಿಗೆ ಮಾತ್ರ ಸಂದೇಶ ಕಳಿಸಬಹುದು. ಬಟನ್‌ಗಳು ಒಂದು ಸಂದೇಶಕ್ಕೆ ಮೂರೇ. ನಿಮ್ಮ ದಡಿಗಳು ನಾಲ್ಕು, ಆದ್ದರಿಂದ ಹತ್ತು ಸಾಲುಗಳವರೆಗೆ ಅವಕಾಶವಿರುವ ಪಟ್ಟಿ ರೂಪದ ಸಂದೇಶವನ್ನು ಬಳಸಬೇಕಾಗುತ್ತದೆ.

ಉತ್ತರ 4 (ಬೆಳಗಾವಿಯ ಉಪನ್ಯಾಸಕಿ)

ಬಾಗಲಕೋಟೆಯ ಸರ್ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ವಾಟ್ಸ್‌ಆ್ಯಪ್ ಬರುವುದು ಖಚಿತವಾದರೆ ಈಗಲೇ ಕೋಡನ್ನು ಎರಡು ಕಡತಗಳಾಗಿ ಬೇರ್ಪಡಿಸಿ. ದಡಿ, ಸೆರಗು, ಗಜ ಕೊಟ್ಟರೆ ದಾಸ್ತಾನು ನೋಡಿ ದರ ಹೇಳುವ ಫಂಕ್ಷನ್‌ಗಳು ಒಂದು ಕಡತದಲ್ಲಿರಲಿ, ಅದರಲ್ಲಿ ಟೆಲಿಗ್ರಾಂನ ಹೆಸರೇ ಬರಬಾರದು. ಸಂದೇಶ ತರುವ, ಒಯ್ಯುವ ಭಾಗ ಇನ್ನೊಂದರಲ್ಲಿ. ಮೊದಲನೆಯದಕ್ಕೆ ಪೈಟೆಸ್ಟ್ ಎಂಬ ಸಾಧನದಲ್ಲಿ ಪರೀಕ್ಷೆಗಳನ್ನು ಬರೆದರೆ ಟೋಕನ್ನೂ ಬೇಡ, ನೆಟ್‌ವರ್ಕೂ ಬೇಡ. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲೂ ಕೆಲಸ ಸಾಗುತ್ತದೆ.

ಮೊದಲ ಪರೀಕ್ಷೆ ಯಾವುದಿರಬೇಕೆಂದರೆ, ಪಟ್ಟಿಯಲ್ಲಿರುವ ಪ್ರತಿಯೊಂದು ದಡಿ ಮತ್ತು ಸೆರಗಿನ ಜೋಡಿಗೂ ಕಾಲ್‌ಬ್ಯಾಕ್ ಡೇಟಾ ತಯಾರಿಸಿ ಅದರ ಬೈಟ್‌ಗಳನ್ನು ಎಣಿಸಿ, 64 ಮೀರಿದರೆ ಅಲ್ಲೇ ನಿಲ್ಲಿಸುವುದು. ಮುಂದೆ ಸಂಘದವರು ಹೊಸ ಬಗೆಯ ದಡಿಯನ್ನು ಸೇರಿಸಿದಾಗ ತೊಂದರೆ ಗ್ರಾಹಕರ ಫೋನಿನಲ್ಲಿ ಕಾಣಿಸುವ ಬದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಸಿಕ್ಕಿಬೀಳುತ್ತದೆ. ಎರಡನೆಯದಾಗಿ, ನುಡಿಯಿಂದ ಪರಿವರ್ತಿಸಿದ ಪಟ್ಟಿಯ ಪ್ರತಿ ಸಾಲಿನಲ್ಲೂ ಸೀರೆಯ ವಿವರಣೆಯಲ್ಲಿ ಇಂಗ್ಲಿಷ್ ಅಕ್ಷರ ಉಳಿದಿಲ್ಲ, ದರದ ಕಾಲಮ್ಮಿನಲ್ಲಿ ಅಂಕಿ ಬಿಟ್ಟು ಬೇರೇನಿಲ್ಲ ಎಂಬುದನ್ನು ಪರೀಕ್ಷಿಸಿ. ಪರಿವರ್ತನೆ ಮುಗಿದ ಮೇಲೆ ತೊಂದರೆ ಕೊಡುವ ಸಾಲುಗಳೇನಾದರೂ ಉಳಿದರೆ, ಗ್ರಾಹಕರ ವಿವರಗಳನ್ನು ತೆಗೆದು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.